ಟೀಚರಮ್ಮನ ಬಾಯಿಪಾಠ

“ನನ್ನ ಯಜಮಾನರ ಮಂಡಿನೋವನ್ನು ಗುಣಪಡಿಸು, ಕರ್ತನೇ” ಎಂದು ಟೀಚರಮ್ಮ ಬೇಡಿದಾಗ ಪ್ರಾರ್ಥನಾ ಕೂಟದಲ್ಲಿ ಯಾರೂ ಆಮೆನ್ ಅನ್ನಲಿಲ್ಲ. ಯಜಮಾನರು ತೀರಿಕೊಂಡು ಎರಡು ವರ್ಷವಾಗಿತ್ತು. ಮೂವತ್ತು ವರ್ಷ ಚರ್ಚಿನ ಮಕ್ಕಳಿಗೆಲ್ಲ ಪ್ರಾರ್ಥನೆ ಕಲಿಸಿದ ನಾಲಿಗೆ, ದಾರಿ ಬಲ್ಲ ಎತ್ತಿನ ಹಾಗೆ ತನ್ನಷ್ಟಕ್ಕೆ ನಡೆದುಬಿಟ್ಟಿತ್ತು.

“ಬಾಯಿತಪ್ಪು ಬಿಡಿ ಅಮ್ಮಾ, ದೇವರಿಗೆ ಅರ್ಥ ಆಗತ್ತೆ” ಎಂದ, ಕೂಟಕ್ಕೆ ತನ್ನ ಅಂಗಡಿ ಬಿಟ್ಟುಕೊಟ್ಟಿದ್ದ ದರ್ಜಿ. ಟೀಚರಮ್ಮನಿಗೆ ಆಗ ಹೊಳೆಯಿತು: ಮನೆಯಲ್ಲೂ ದಿನಾ ಇದನ್ನೇ ಹೇಳುತ್ತಿದ್ದೆನೇನೋ. ಕೇಳಿ ತಿದ್ದಲು ಅಲ್ಲಿ ಯಾರಿದ್ದರು?

ಪಕ್ಕದಲ್ಲಿ, ಹೋದ ತಿಂಗಳಷ್ಟೇ ದೀಕ್ಷಾಸ್ನಾನ ಪಡೆದು ಚರ್ಚಿಗೆ ಸೇರಿದ ನರ್ಸ್ ಕೂತಿದ್ದಳು. ತೊದಲುತ್ತಾ ಪ್ರಾರ್ಥಿಸುವ ಅವಳನ್ನು ಟೀಚರಮ್ಮ ವಾರವಾರವೂ ತಿದ್ದುತ್ತಿದ್ದರು. ಈಗ ಅವಳ ಕೈ ಹಿಡಿದು, “ನೀನು ಹೇಗೆ ಪ್ರಾರ್ಥನೆ ಮಾಡ್ತೀಯೇ? ನಂಗೂ ಹೇಳ್ಕೊಡು” ಎಂದರು.

“ಅಯ್ಯೋ, ನಾನು ನಿಮಗಾ? ತಮಾಷೆ ಮಾಡ್ಬೇಡಿ ಟೀಚರಮ್ಮಾ. ನಂಗೆ ದೊಡ್ಡ ದೊಡ್ಡ ಮಾತೆಲ್ಲ ಬರಲ್ಲ. ಇವತ್ತು ಏನಾಯ್ತೋ ಅದನ್ನ ಹೇಳ್ಬಿಡ್ತೀನಿ, ಅಷ್ಟೆ.”

ಟೀಚರಮ್ಮ ಮತ್ತೆ ಕಣ್ಣು ಮುಚ್ಚಿದರು. ಬಾಯಿಪಾಠದ ಮಾತುಗಳು ಒಂದರ ಹಿಂದೊಂದು ತುಟಿಗೆ ಬಂದವು. ಒಂದೊಂದನ್ನೂ ನುಂಗಿಕೊಂಡರು. ಆಮೇಲೆ ಮೆಲ್ಲಗೆ, ಹೊಸಬರ ಹಾಗೆ ತಡವರಿಸುತ್ತಾ ಶುರುಮಾಡಿದರು.

“ಸ್ವಾಮೀ, ಇವತ್ತು... ಇಲ್ಲಿಗೆ ಬರೋವರೆಗೂ ನಾನು ಯಾರ ಜೊತೆಗೂ ಒಂದು ಮಾತೂ ಆಡಿರ್ಲಿಲ್ಲ. ಮನೇಲಿ ಜಗಳ ಆಡೋಕೂ ಯಾರೂ ಇಲ್ಲ.”