ಅಪ್ಪನನ್ನು ಎತ್ತಿದ್ದು

ಪ್ರೇಕ್ಷಾ ಅಪ್ಪನ ಕಂಕುಳಡಿ ಕೈಹಾಕಿ, ಉಸಿರು ಬಿಗಿಹಿಡಿದು ಎತ್ತಿದಳು. ಸ್ಟ್ರೋಕ್ ಆಗಿ ಹಾಸಿಗೆ ಹಿಡಿದಿದ್ದ ಗುರುವಪ್ಪ ಒಂದೇ ಸಲಕ್ಕೆ ಮಂಚದಿಂದ ಗಾಲಿಕುರ್ಚಿಗೆ ಬಂದುಬಿಟ್ಟರು.

ಮಳೆಗಾಲದಲ್ಲಿ ಹೀಗೆಯೇ ಎತ್ತಲು ಹೋಗಿ ಇಬ್ಬರೂ ನೆಲಕ್ಕೆ ಬಿದ್ದಿದ್ದರು. ಮರುದಿನವೇ ಅವಳು ಖಾರಘರ ಸ್ಟೇಷನ್ ಹತ್ತಿರದ ಜಿಮ್ ಸೇರಿದ್ದಳು. “ಪಹಲೇ ವಜನ್ ಕಮ್ ಕರೋ ಮ್ಯಾಡಂ,” ಎಂದಿದ್ದ ಟ್ರೇನರ್. ತೂಕ ಇಳಿಯುವುದು ಆಮೇಲಾಗಲಿ, ಮೊದಲು ಭಾರ ಎತ್ತಲು ಕಲಿಸಿ ಎಂದು ಅವಳು ಹಟ ಹಿಡಿದಿದ್ದಳು.

“ಭಾರೀ ಶಕ್ತಿ ಬಂದಿದೆ ಮಾರಾಯ್ತಿ ನಿಂಗೆ!” ಅಪ್ಪ ಎಷ್ಟೋ ದಿನಗಳ ಮೇಲೆ ನಕ್ಕರು.

ಅವಳ ಬೆರಳುಗಳು ಇನ್ನೂ ಅವರ ಪಕ್ಕೆಯ ಮೇಲಿದ್ದವು. ಒಂದೊಂದು ಎಲುಬೂ ಬೇರೆಬೇರೆಯಾಗಿ ಕೈಗೆ ಸಿಗುತ್ತಿತ್ತು. ಜಿಮ್‌ನಲ್ಲಿ ಅವಳು ಈಗಲೂ ಎತ್ತುತ್ತಿದ್ದದ್ದು ತೂಕದ ಪ್ಲೇಟ್ ಹಾಕದ ಖಾಲಿ ರಾಡನ್ನು ಮಾತ್ರ.

“ಹೌದಪ್ಪ,” ಎಂದಳು, “ದಿನಾ ಜಿಮ್‌ಗೆ ಹೋಗ್ತೇನಲ್ಲ.”