ಬೀಗರ ಜಿಲ್ಲೆ

ಅಪ್ಪಾಸಾಬ ತಾಟಿನಲ್ಲಿದ್ದ ಹೋಳಿಗೆಯನ್ನು ನಾಲ್ಕು ತುಂಡು ಮಾಡಿ ಬಿಡಿಬಿಡಿಯಾಗಿ ಇಟ್ಟ. “ನೋಡ್ರಿ ಬೀಗರ, ಇದು ಇಂಡಿ, ಇದು ಸಿಂದಗಿ. ಈ ಕಡೆ ಮುದ್ದೇಬಿಹಾಳ, ಬಸವನ ಬಾಗೇವಾಡಿ. ಅವೆರಡೂ ವಿಜಯಪುರಕ್ಕ ಇರ್ಲಿ, ಸಿಂದಗಿ ನಮಗ ಬರ್ಲಿ. ಆತ್ ನೋಡ್ರಿ ಇಂಡಿ ಜಿಲ್ಲಾ!” ಎಂದು ಸಿಂದಗಿಯನ್ನು ತುಪ್ಪದಲ್ಲಿ ಅದ್ದಿ ಬಾಯಿಗೆ ಹಾಕಿಕೊಂಡ.

ಪಡಸಾಲೆಯಲ್ಲಿ ಉಣ್ಣುತ್ತಿದ್ದವರೆಲ್ಲ ನಕ್ಕರು. ರೇವಪ್ಪನೂ ನಕ್ಕ, ಆದರೆ ಅವನ ಕೈ ತಾಟಿನಲ್ಲೇ ನಿಂತಿತು. ಸಿಂದಗಿ ತಾಲೂಕಿನ ಯಂಕಂಚಿಯ ಈ ಮನೆಯಲ್ಲಿ ಅಂದು ಅವನ ಮಗಳು ದಾನೇಶ್ವರಿಯ ನಿಶ್ಚಯ. ಹುಡುಗ ಇಂಡಿ ತಾಲೂಕಿನ ಹೊರ್ತಿಯ ಅಪ್ಪಾಸಾಬನ ಮಗ ಅನೀಲಕುಮಾರ. ಬುಧವಾರ, ಒಂದೂವರೆಯವರೆಗೆ ರಾಹುಕಾಲ. ಅದು ಕಳೆದ ಮೇಲೆ ಅಯ್ಯನವರು ಬಂದು ಕುಂಕುಮ ಹಚ್ಚಿಸುವುದು, ಅಷ್ಟರಲ್ಲಿ ಊಟ ಮುಗಿಸುವುದು ಎಂದು ಮಾತಾಗಿತ್ತು. ಎಂಟು ಕಡೆಯವರು ನೋಡಿ ಹೋದ ಮೇಲೆ ಕೂಡಿಬಂದ ಸಂಬಂಧ. ಹುಡುಗ ನೋಡಲು ಬಂದ ದಿನವೇ, “ಲಗ್ನ ಆದಮ್ಯಾಲೂ ಸಾಲಿಗೆ ಕಲಿಸಾಕ ಹೋಗ್ರಿ, ಬಿಡಬ್ಯಾಡ್ರಿ” ಎಂದಿದ್ದ. ಅಷ್ಟು ಮಾತಿಗೇ ದಾನೇಶ್ವರಿ ಎರಡು ತಿಂಗಳಿಂದ ಖುಷಿಯಾಗಿದ್ದಳು.

ಕೆಟ್ಟದ್ದೆಂದರೆ, ಈ ಅಪ್ಪಾಸಾಬ ವಿಜಯಪುರ ಜಿಲ್ಲೆ ಒಡೆದು ಇಂಡಿ ಜಿಲ್ಲೆ ಆಗಬೇಕೆಂದು ಹನ್ನೊಂದು ದಿನ ಧರಣಿ ಕೂತವನು. ರೇವಪ್ಪನೋ, ಸಿಂದಗಿಯನ್ನು ಇಂಡಿಗೆ ಸೇರಿಸಬಾರದೆಂದು ಊರೂರು ತಿರುಗಿ ಮನವಿಗೆ ಸಹಿ ಹಾಕಿಸಿದವನು. ಜಾತಕ ನೋಡಿದವರು ಇದೊಂದನ್ನು ನೋಡಿರಲಿಲ್ಲ.

“ಸಿಂದಗಿ ಅಷ್ಟು ಮೆತ್ತಗಿಲ್ರಿ ಅಪ್ಪಾಸಾಬರ,” ಎಂದ ರೇವಪ್ಪ. ಬೀಗರು ಎನ್ನುವ ಮಾತು ಆಗಲೇ ಬಿಟ್ಟುಹೋಗಿತ್ತು. “ಆದ್ರ ಸಿಂದಗೀನ ಜಿಲ್ಲಾ ಆಗ್ಲಿ. ನಿಮ್ಮ ಇಂಡಿಯಾಗ ಲಿಂಬಿಹಣ್ಣು ಬಿಟ್ರ ಏನೈತಿ?”

“ಸಿಂದಗಿಯಾಗರೆ ಏನೈತ್ರಿ? ರೈಲ್ವೆ ಸ್ಟೇಶನ್ ಐತೇನು? ಇದ್ದ ಆಲಮೇಲಾನೂ ಬ್ಯಾರೆ ತಾಲೂಕಾ ಆಗಿ ಹ್ವಾತು.”

“ನಿಮ್ಮ ಚಡಚಣ ಹೋಗಲಿಲ್ಲೇನು? ತಾಲೂಕಾ ಉಳಿಸಿಕೊಳ್ಳಾಕ ಆಗದವರು ಜಿಲ್ಲಾ ಕೇಳಾಕ ಬಂದಾರ!”

“ಮದ್ಲ ಊಟಾ ಮಾಡ್ರಿ, ಇನ್ನೊಂದು ಹೋಳಿಗಿ ಹಾಕಲೇನ್ರಿ?” ರೇವಪ್ಪನ ಹೆಂಡತಿ ಚನ್ನವ್ವ ಇಬ್ಬರ ನಡುವೆ ಬುಟ್ಟಿ ಹಿಡಿದು ನಿಂತಳು. ಯಾರೂ ಅವಳತ್ತ ನೋಡಲಿಲ್ಲ. “ಬಿಡ್ರಿ ಅಪ್ಪಾ,” ಎಂದು ಅನೀಲಕುಮಾರ ಒಮ್ಮೆ ಅಂದ. ಅಪ್ಪ ಕಣ್ಣು ಕೆಕ್ಕರಿಸಿದ ಕೂಡಲೇ ತಲೆ ತಗ್ಗಿಸಿ ಅನ್ನ ಕಲಸತೊಡಗಿದ.

ಒಳಕೋಣೆಯಲ್ಲಿ ಸೀರೆ ಉಡುತ್ತಿದ್ದ ದಾನೇಶ್ವರಿಗೆ ಒಂದೊಂದು ಮಾತೂ ಕೇಳಿಸುತ್ತಿತ್ತು. ಕುಂಕುಮ ಹಚ್ಚುವ ಮೊದಲು ಹುಡುಗಿ ಹೊರಗೆ ಬರುವ ಪದ್ಧತಿ ಇಲ್ಲ. ಬಂದಳು. ಸೆರಗಿಗೆ ಇನ್ನೂ ಪಿನ್ ಹಾಕಿಕೊಂಡಿರಲಿಲ್ಲ.

“ಮಾವಾರ,” ಎಂದಳು. “ಇಂಡಿ ಜಿಲ್ಲಾ ಆದ್ರೂ ನನಗ ನಡೀತೈತ್ರಿ, ಸಿಂದಗಿ ಜಿಲ್ಲಾ ಆದ್ರೂ ನಡೀತೈತ್ರಿ. ನೀವು ಉಣ್ರಿ.”

ಅಪ್ಪಾಸಾಬನ ಮುಖ ಸಡಿಲವಾಯಿತು. ಅವನು ಕೆಟ್ಟ ಮನುಷ್ಯನಲ್ಲ, ಆದರೆ ಬಾಯಿ ಹಿಡಿತದಲ್ಲಿಲ್ಲ. “ಶಾಬ್ಬಾಸ್!” ಎಂದು ತೊಡೆ ತಟ್ಟಿ ನಕ್ಕ. “ನೋಡ್ರಿ ರೇವಪ್ಪ, ನಿಮ್ಮ ಮಗಳು ನಮ್ಮ ಇಂಡಿಗೆ ಸಹಿ ಹಾಕಿಬಿಟ್ಟಳು. ಇನ್ನ ನಿಮ್ಮದೇನು ಉಳೀತು?”

ರೇವಪ್ಪ ತಂಬಿಗೆ ಎತ್ತಿ ಅರ್ಧ ಉಂಡ ತಾಟಿನಲ್ಲೇ ಕೈ ತೊಳೆದ. ಮನೆಯ ಯಜಮಾನ ಬೀಗರಿಗಿಂತ ಮೊದಲು ಕೈ ತೊಳೆದರೆ ಮತ್ತೇನು ಹೇಳಬೇಕು? “ಅಕಿ ಸಹಿಗೆ ನಾ ಇನ್ನೂ ಒಪ್ಪಿಗಿ ಕೊಟ್ಟಿಲ್ಲ. ಏಳ್ರಿ ಮ್ಯಾಲ!”

ಹೊರ್ತಿಯವರು ಎದ್ದರು. ಚನ್ನವ್ವ ಅಪ್ಪಾಸಾಬನ ಕಾಲು ಹಿಡಿಯುವುದೊಂದು ಬಾಕಿ ಇತ್ತು. ಅನೀಲಕುಮಾರ ಕಟ್ಟೆಯ ಮೇಲೆ ತನ್ನ ಚಪ್ಪಲಿಯನ್ನು ಬೇಕಾದದ್ದಕ್ಕಿಂತ ಹೆಚ್ಚು ಹೊತ್ತು ಹುಡುಕಿದ. ಸಿಕ್ಕಿದವು. ಹೋದ. ಅದೇ ಹೊತ್ತಿಗೆ ರಾಹುಕಾಲ ಕಳೆಯಿತೆಂದು ಅಯ್ಯನವರು ಬಂದರು, ಎದುರಿಗೆ ಹೋಗುತ್ತಿದ್ದ ಜೀಪಿನ ಧೂಳು ನೋಡಿ ಬಾಗಿಲಲ್ಲೇ ನಿಂತರು.

ದಾನೇಶ್ವರಿ ಸೆರಗು ಸಿಕ್ಕಿಸಿಕೊಂಡು ತಾಟುಗಳನ್ನು ಎತ್ತತೊಡಗಿದಳು. ಅಳುತ್ತಾಳೆಂದು ಚನ್ನವ್ವ ಕಾದಳು. ಅವಳು ಅಳಲಿಲ್ಲ.

“ನೀ ನಡುವ ಬಾಯಿ ಹಾಕಲಿಲ್ಲಂದ್ರ ನಾ ಹೆಂಗರೆ ಸಂಭಾಳಿಸ್ತಿದ್ದೆ,” ಎಂದ ರೇವಪ್ಪ, ಗೋಡೆಗೆ ಒರಗಿ. “ಇರ್ಲಿ ಬಿಡು. ಸಿಂದಗಿ ಮರ್ಯಾದಿ ಉಳೀತು.”

“ಅಪ್ಪಾ, ಆ ಜಿಲ್ಲಾ ಯಾವಾಗ ಆಗತೈತಿ?”

“ಅದಕ್ಕೇನು ಗಡಿಬಿಡಿ ಐತಿ? ಹತ್ತು ವರ್ಷಕ್ಕರೆ ಆಗ್ಲಿ, ಇಪ್ಪತ್ತು ವರ್ಷಕ್ಕರೆ ಆಗ್ಲಿ. ನಾವು ಕಾಯ್ತೇವಿ.”

“ನನಗ ಈ ಶ್ರಾವಣಕ್ಕ ಮೂವತ್ತೆರಡು ತುಂಬ್ತಾವ ಅಪ್ಪಾ,” ಎಂದಳು ದಾನೇಶ್ವರಿ.