ಗಂಟೆ ಕೇಳಲು ಬಂದ ಶಾಲೆ

ಗಂಡನ ತಿಥಿ ಮುಗಿದ ಮರುದಿನ ಬೆಳಿಗ್ಗೆ ಹಾಲಿಗೆಂದು ಬಾಗಿಲು ತೆರೆದರೆ, ಬೀದಿಯಲ್ಲಿ ಮೂರು ಹೈಸ್ಕೂಲುಗಳು ನಿಂತಿದ್ದವು. ಏಳನೇ ತರಗತಿ ಮುಗಿಸಿದ ಮಕ್ಕಳಿರುವ ಮನೆಗೆ ಶಾಲೆಗಳೇ ನಡೆದು ಬರುವುದು ವಾಡಿಕೆ. ಅನುದಾನಿತ ಶಾಲೆ ಮಾತ್ರ ಬಂದಿರಲಿಲ್ಲ. ಹೊರಡಲು ಸರ್ಕಾರದ ಒಪ್ಪಿಗೆಗೆ ಕಾಯುತ್ತಿದೆಯಂತೆ.

"ಕರೆಂಟ್ ತಂತಿ ಇದೆ, ಬಗ್ಗಿ ನಿಲ್ಲಿ" ಎಂದೆ.

ಖಾಸಗಿ ಶಾಲೆ ಮುಂದೆ ಬಂತು. "ಮೇಡಂ, ನಮ್ಮಲ್ಲಿ ಕುದುರೆ ಸವಾರಿ ಕಲಿಸ್ತೀವಿ."

"ಕುದುರೆ ಎಲ್ಲಿ?"

"ಫೋಟೋ ಇದೆ."

ವಸತಿ ಶಾಲೆ ಬೀದಿಯೊಳಗೆ ಹಿಡಿಸದೆ ತಿರುವಿನಿಂದಲೇ ಕೂಗಿತು: "ನಿನ್ನ ಮಗಳು ಮಂದಾರನ್ನ ನಂಗೆ ಬಿಡಮ್ಮ. ಊಟ, ಹಾಸಿಗೆ ಎಲ್ಲ ನಂದೇ. ದಸರಾ ರಜೆಗೆ ಕಳಿಸ್ತೀನಿ."

ದಸರಾ ತನಕ ಈ ಮನೆಯಲ್ಲಿ ನಾನೊಬ್ಬಳೇ.

ಸರ್ಕಾರಿ ಶಾಲೆ ಹಿಂದೆ ನಿಂತು ಹೆಂಚು ಸರಿಮಾಡಿಕೊಳ್ಳುತ್ತಿತ್ತು.

"ನೀವೇನು ಕೊಡ್ತೀರಿ?" ಎಂದೆ.

"ಕೊಡಕ್ಕಲ್ಲಮ್ಮ, ಕೇಳಕ್ಕೆ ಬಂದೆ. ಮಗಳನ್ನ ಎಬ್ಬಿಸಕ್ಕೆ ಅಂತ ನಿಮ್ಮ ಯಜಮಾನ್ರು ನನ್ನ ಹಿತ್ತಾಳೆ ಗಂಟೆ ತಗೊಂಡು ಹೋಗಿದ್ರು. ಅದಿಲ್ದೆ ಮಕ್ಕಳನ್ನ ಯಾವಾಗ ಮನೆಗೆ ಬಿಡ್ಬೇಕು ಅಂತಾನೇ ತಿಳೀತಿಲ್ಲ. ನಿನ್ನೆ ಏಳೂವರೆ ಆಯ್ತು."

"ಗಂಟೆ ಇದ್ರೆ?"

"ದಿನಾ ನಾಲ್ಕೂವರೆಗೆ ಮನೇಲಿರ್ತಾರೆ."

ಗಂಟೆ ನನ್ನ ಗಂಡನ ದಿಂಬಿನ ಪಕ್ಕದಲ್ಲೇ ಇತ್ತು. ಕೊಡುವ ಮೊದಲು ಒಮ್ಮೆ ಬಾರಿಸಿದೆ. ಮಂದಾರ ಕಣ್ಣುಜ್ಜಿಕೊಳ್ಳುತ್ತ ಓಡಿ ಬಂದಳು. ನನ್ನ ಕೈ ನೋಡಿ ನಿಂತುಬಿಟ್ಟಳು.

"ನೀನಾ ಅಮ್ಮ?"

"ಹೂಂ, ನಾನೇ. ಹಲ್ಲುಜ್ಜು, ನಿನ್ನ ಶಾಲೆ ಕಾಯ್ತಿದೆ" ಎಂದು, ಸರ್ಕಾರಿ ಶಾಲೆಯ ಖಾಲಿ ಕೊಕ್ಕೆಗೆ ಗಂಟೆಯನ್ನು ತೂಗುಹಾಕಿದೆ.